ಮಿಕ್ಸಿಯ ವಾಷರ್

ಎಪ್ಪತ್ತಾರರ ಶ್ರಾವಣ. ಮಂಡ್ಯದ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನಲ್ಲಿ ನನ್ನ ಪಕ್ಕ ಹೆಂಗಸೊಬ್ಬರು ಹೊಸ ಮಿಕ್ಸಿಯ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅವರ ಪರಿಚಯದ ಇನ್ನೊಬ್ಬ ಹೆಂಗಸು ಎದುರಿಗೆ ಬಂದು ನಿಂತರು.

“ಕೊನೆಗೂ ತಗೊಂಡ್ಯಾ ಶ್ರೀಮತಿ? ಎಷ್ಟಾಯ್ತೇ?”

“ನನ್ನ ಎರಡು ತಿಂಗಳ ಸ್ಕೂಲ್ ಸಂಬಳ ಪೂರ್ತಿ ಕಣೇ ಸರಸು.”

“ಅಯ್ಯೋ! ನಲ್ಲೀಲಿ ಚರ್ಮದ ವಾಷರ್ ಇರತ್ತೆ ಅಂತ ನಿಮ್ಮತ್ತೆ ಇವತ್ತಿಗೂ ಬಾವಿ ನೀರೇ ಕುಡಿಯೋದು. ಇದರಲ್ಲಿ ರುಬ್ಬಿದ ಚಟ್ನಿ ಮುಟ್ತಾರಾ?”

“ಆ ಭಯಕ್ಕೇ ಒಂದು ವರ್ಷ ಸುಮ್ಮನಿದ್ದೆ. ಇವತ್ತು ಅವರನ್ನೇ ಅಂಗಡಿಗೆ ಕರ್ಕೊಂಡು ಬಂದೆ. ಜಾರ್ ಬಿಚ್ಚಿಸಿ, ವಾಷರ್ ಮೂಸಿ ನೋಡಿದ್ರು.”

“ಏನಂದ್ರು?”

“‘ಇದು ರಬ್ಬರು. ಮರದ ಹಾಲು ತಾನೆ, ದೋಷ ಇಲ್ಲ’ ಅಂದ್ರು. ಹೋದ ಜೀವ ಬಂದಹಾಗಾಯ್ತು ನೋಡು.”

“ಅಕಸ್ಮಾತ್ ಚರ್ಮ ಆಗಿದ್ದಿದ್ರೆ?”

“ನಾನೂ ಅದೇ ಕೇಳ್ದೆ. ‘ನಲವತ್ತು ವರ್ಷ ಒರಳಲ್ಲಿ ರುಬ್ಬಿ ರುಬ್ಬಿ ರಟ್ಟೆ ಬಿದ್ದುಹೋಗಿದೆ. ಚರ್ಮ ಆಗಿದ್ರೂ ರಬ್ಬರು ಅಂತಲೇ ಹೇಳ್ತಿದ್ದೆ’ ಅಂದ್ರು!”

ಮಳವಳ್ಳಿ ಬಸ್ಸು ಬಂತು. ಹೂವು ಕೊಳ್ಳಲು ಹೋಗಿದ್ದ ಅತ್ತೆ ಬಂದು ಸೊಸೆಯ ಜೊತೆ ಹತ್ತಿದರು. ಪೆಟ್ಟಿಗೆಯನ್ನು ಮೇಲಿಡಲು ಕಂಡಕ್ಟರ್ ಕೈಚಾಚಿದ್ದೇ ತಡ, ಅತ್ತೆ ಗದರಿದರು:

“ಮುಟ್ಬೇಡಪ್ಪಾ, ಅದು ಮಡಿ!”