ಗಾಡಿ ಮುಟ್ಟೋವರೆಗೆ ಫೋನ್ ಇಡಬಾರದು

ನಾನು ಕಂಡ ದೆವ್ವಗಳನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ಗುಬ್ಬಿಯಿಂದ ಕುಣಿಗಲ್ ಕೆರೆ ಏರಿವರೆಗೂ ಆಗುತ್ತೆ... ಸುಳ್ಳು ಬುಡಿ. ಒಂದನ್ನೂ ಕಂಡಿಲ್ಲ. ಆದರೆ ನಮ್ಮ ಷಡ್ಡಕನ ತಮ್ಮ ಅಂಜನಮೂರ್ತಿಗೆ ಆಗಿದ್ದು ನಿಜ ಕಣ್ರೀ.

ಒಂದು ರಾತ್ರಿ ಕೊನೇ ಬಸ್ಸಿಳಿದು ಊರಿಗೆ ನಡೀತಾ ಇದ್ದ. ದಾರೀಲಿ ಆಲದಮರ, ಅದರ ಪಕ್ಕ ಬಾವಿ. ಆ ಕಡೆ ಅವನು ಕತ್ತು ತಿರುಗಿಸುತ್ತಿರಲಿಲ್ಲ... ಕಾರಣ ಇತ್ತು.

ತುಮಕೂರಲ್ಲಿ ಎಮರ್ಜೆನ್ಸಿ ಕರೆ ತೆಗೆಯೋ ಕೆಲಸ ಅವನದು. ಸೇರುವಾಗ ಹದಿನೈದು ದಿನ ಟ್ರೈನಿಂಗು. ಮೂರು ದಿನ ಕೂತ. ಹದಿನೈದಕ್ಕೂ ಒಟ್ಟಿಗೇ ಸೈನ್ ಹಾಕಿ ಭಾಮೈದನ ಮದುವೆಗೆ ಹೋದ. ಸರ್ಟಿಫಿಕೇಟು ತಾನಾಗೇ ಬಂತು.

ಒಂದು ಮಧ್ಯಾಹ್ನ ಹೆಂಗಸಿನ ಕರೆ. "ಸ್ವಾಮಿ, ನಮ್ಮ ಯಜಮಾನ್ರು ಬಾವಿಗೆ ಬಿದ್ದವ್ರೆ... ಪೈಪ್ ಹಿಡ್ಕೊಂಡವ್ರೆ..."

"ಯಾವ ಹೋಬ್ಳಿ?"

"ಆಲದಮರದ ಬಾವಿ ಸ್ವಾಮಿ."

"ಅಮ್ಮಾ, ತಾಲ್ಲೂಕು, ಹೋಬ್ಳಿ ಹೇಳಿ. ಇಲ್ದಿದ್ರೆ ಕಂಪ್ಯೂಟರ್ ಮುಂದಕ್ಕೆ ಹೋಗಲ್ಲ."

ಆಯಮ್ಮ ಮತ್ತೆ ಅದನ್ನೇ ಅಂದಳು. ಇವನು ಫೋನಿಟ್ಟ.

ಸಂಜೆ ಊರಿಗೆ ಬಂದರೆ ತನ್ನ ದಾರಿಯದೇ ಬಾವಿ. ಸುತ್ತ ಜನ. ಬಿದ್ದಿದ್ದ ಕದರಯ್ಯ ಒಂದು ಗಂಟೆ ಪೈಪು ಬಿಟ್ಟಿರಲಿಲ್ಲವಂತೆ, ಆಮೇಲೆ ಕೈ ಸೋತು ಮುಳುಗಿಹೋದನಂತೆ. ಹೆಂಡತಿ ಗಂಗಲಕ್ಷ್ಮಮ್ಮ ಯಾರನ್ನೂ ಬೈಯಲಿಲ್ಲ. ಮೂರು ತಿಂಗಳಿಗೆ ಆಯಮ್ಮನೂ ತೀರಿಕೊಂಡಳು.

ಅಂಜನಮೂರ್ತಿ ತಾನೇ ಕೇಳಿಕೊಂಡು ಮತ್ತೆ ಟ್ರೈನಿಂಗಿಗೆ ಕೂತ. ಒಂಬತ್ತನೇ ದಿನ ನಂದಿತಾ ಮೇಡಂ ಹೇಳಿದರು: "ವಿಳಾಸ ಗೊತ್ತಿಲ್ಲದವರನ್ನ, ಅಲ್ಲಿ ಯಾವ ಬಸ್ ನಿಲ್ಲುತ್ತೆ ಅಂತ ಕೇಳಿ. ಗಾಡಿ ಮುಟ್ಟೋವರೆಗೆ ಫೋನ್ ಇಡಬೇಡಿ." ಇಷ್ಟೇ. ಇಷ್ಟೇ ಪಾಠ... ಹಿಂದಿನ ಬೆಂಚಲ್ಲಿ ಕೂತು ಅತ್ತನಂತೆ.

ನಾನು ಹೇಳ್ತಿರೋದು ಅದಾದ ಮೇಲೆ, ಕೊನೇ ಬಸ್ಸಿಳಿದ ಆ ರಾತ್ರಿಯ ಮಾತು. ಬಾವಿ ಹತ್ತಿರ ಬಂದ. ಒಳಗೆ ಪ್ಳಕ್... ಪ್ಳಕ್... ಆಮೇಲೆ ಕಬ್ಬಿಣಕ್ಕೆ ಉಂಗುರ ತಾಗಿದ ಹಾಗೆ, ಟಿಣ್. ಜೇಬಲ್ಲಿ ಫೋನು ಗುರ್ರ್ ಅಂತು.

"ಗಾಡಿ ಹೊಂಟೈತಾ ಸ್ವಾಮಿ?" ಪಿಸುದನಿ. ಅದೇ ದನಿ.

ಇವನು ಕೇಳಿದ. "ಅವ್ವಾ... ಅಲ್ಲಿ ಯಾವ ಬಸ್ ನಿಲ್ತದೆ?"

"ಸಿ.ಎಸ್. ಪುರದ್ದು ಕಣಪ್ಪ... ನೀನೂ ಅದ್ರಲ್ಲೇ ಅಲ್ವಾ ಇಳಿಯೋದು?"

ಇವನು ಬಾವಿ ಕಟ್ಟೆ ಮೇಲೆ ಕೂತ.

"ಗೊತ್ತಾಯ್ತವ್ವಾ. ಇಲ್ಲೇ ಇದೀನಿ."

"ಫೋನ್ ಇಡಬ್ಯಾಡ."

"ಇಡಲ್ಲವ್ವಾ."

ಇಡಲಿಲ್ಲ.

ಬೆಳಗ್ಗೆ ಡೇರಿಗೆ ಹಾಲು ಒಯ್ಯೋರು ನೋಡಿದಾಗ ಬಾವಿ ಕಟ್ಟೆ ಮೇಲೆ ಕೂತಿದ್ದ. ಕಿವೀಲಿ ಫೋನು, ಕಣ್ಣಲ್ಲಿ ನೀರು. ಪಕ್ಕದಲ್ಲಿ ಗಂಡಸರ ಟವಲ್ಲೊಂದನ್ನ ಯಾರೋ ಹಿಂಡಿ, ಒಣಗಲಿ ಅಂತ ಹರವಿದ್ದರು. ಇನ್ನೂ ಒದ್ದೆ. ಊರಲ್ಲಿ ಒಬ್ಬರೂ ಅದು ನಮ್ಮದು ಅನ್ನಲಿಲ್ಲ.

ನಡೆದದ್ದು ಕಣ್ರೀ. ಆ ಟವಲ್ಲು ನಾನೇ ಮುಟ್ಟಿ ನೋಡಿದೀನಿ... ಅಯ್ಯೋ, ನಿಮ್ಮ ಕೈ ಯಾಕ್ ಹಂಗ್ ನಡುಗ್ತದೆ? ಹಂಗೇ ಜೇಬಿಗೆ ಇಳಿಸಿ, ನನ್ನ ಟೀ ದುಡ್ಡೂ ಕೊಟ್ಬುಡಿ.