ಗೋಣಿ ಮುಚ್ಚಿದ ಯಂತ್ರ

ಕದ್ದು ಕೇಳಿದ್ದಲ್ಲ. ಶಿಕಾರಿಪುರದ ಆ ಎಕ್ಸ್‌ರೇ ಕೋಣೆಯ ಮುಂದೆ ಇದ್ದದ್ದು ಒಂದೇ ಬೆಂಚು. ನನ್ನ ಪಕ್ಕದಲ್ಲಿ ಕೆಮ್ಮುತ್ತ ಕೂತಿದ್ದವರು ಈಶ್ವರಮ್ಮ. ಜೊತೆಗಿದ್ದವಳು ಸುಷ್ಮಿತಾ, ಅವರ ತಾರಸಿಯ ಮೇಲೆ ಗಾಳಿ ಅಳೆಯುವ ಯಂತ್ರ ಇಟ್ಟಿದ್ದ ಸಂಶೋಧಕಿ.

"ಮನೆ ಹಿಂದಿನ ಸೈಟಲ್ಲಿ ಕಸಕ್ಕೆ ಬೆಂಕಿ ಹಚ್ಚಿದಾಗೆಲ್ಲ ನಿನ್ನ ಮಿಷಿನ್‌ಗೆ ಗೋಣಿ ಮುಚ್ತಿದ್ದೆ ಕಣಮ್ಮ. ಹೊಗೆ ತಾಗಿ ಕೆಟ್ಟೀತು ಅಂತ."

"ಎಷ್ಟು ದಿನದಿಂದ?"

"ನೀನು ಇಟ್ಟಾಗಿಂದ. ಎರಡು ವರ್ಷ ಆತಲ್ಲ."

"ಆ ಹೊಗೆ ಅಳೆಯೋಕೇ ಇಟ್ಟಿದ್ದು ಅಮ್ಮ. ಹೊಗೆ ಜಾಸ್ತಿಯಾದ್ರೆ ಮೋಡದ ನೀರು ತೀರ ಸಣ್ಣ ಹನಿಯಾಗಿ ಹಂಚಿಹೋಗುತ್ತೆ, ಮಳೆಯಾಗಿ ಬೀಳೋದು ಕಷ್ಟ. ಅದನ್ನ ತೋರಿಸ್ಬೇಕಿತ್ತು."

"ಮತ್ತೆ ಏನಂತ ಬಂತು?"

"ಈ ಊರಿನ ಗಾಳಿ ಚೊಕ್ಕ ಇದೆ ಅಂತ. ವರದಿ ಕಳಿಸಿಯಾಯ್ತು. ಇನ್ನು ಬೆಂಕಿ ನಿಲ್ಸಿ ಅಂದ್ರೆ ಪುರಸಭೆಯೋರು ಅದನ್ನೇ ನನ್ನ ಮುಖಕ್ಕೆ ಹಿಡೀತಾರೆ."

ಈಶ್ವರಮ್ಮ ಮತ್ತೆ ಕೆಮ್ಮಿದರು. ಸುಷ್ಮಿತಾ ತಟ್ಟನೆ ಅವರತ್ತ ತಿರುಗಿದಳು.

"ಮುಚ್ಚಿ ನೀವು ಒಳಗೆ ಹೋಗ್ತಿದ್ರಿ, ಅಲ್ವಾ?"

"ಎಲ್ಲಿ ಹೋಗೋದು? ಗೋಣಿ ಹಾರಿಹೋಗ್ತಿತ್ತು. ಬೆಂಕಿ ಆರೋತನಕ ಹಿಡ್ಕೊಂಡು ನಿಂತಿರ್ತಿದ್ದೆ."

ಒಳಗಿನಿಂದ ಹೆಸರು ಕೂಗಿದರು. ಈಶ್ವರಮ್ಮ ಗೋಡೆ ಹಿಡಿದು ಎದ್ದರು.

"ನಿನ್ನ ಮಿಷಿನ್ನಾಗೆ ಬರದ ಹೊಗೆ, ಈ ಫೋಟೋದಾಗಾದ್ರೂ ಬರುತ್ತೇನಮ್ಮ?"

ಈಶ್ವರಮ್ಮ ಬಿಟ್ಟುಹೋದ ಚಪ್ಪಲಿಯನ್ನು ಸುಷ್ಮಿತಾ ಬಾಗಿಲ ಪಕ್ಕ ಸರಿಸಿಟ್ಟು, ಹಿಂದೆಯೇ ಒಳಗೆ ಹೋದಳು.