ತಮ್ಮನ ಹೆಸರಿಗೆ ಬಂದ ಮಾತ್ರೆ

"ಹಲೋ... ಹಾಂ, ಹಲೋ, ಯಾರು ಮಾತಾಡ್ತಿರೋದು?... ಔಷಧ ತರಿಸೋ ಆಫೀಸಿನವರಾ? ಹೇಳಿ ಸರ್, ನಾನು ಅವನ ಅಕ್ಕಾನೇ."

ಸಸಿ ಬೆಳೆಸಿ ಮಾರುವ ನರ್ಸರಿಯಲ್ಲಿ, ತಮ್ಮನ ಮೇಜಿನ ಮುಂದೆ ಅವಳು ಕೂತಿದ್ದಳು. ಅವನ ಬಟ್ಟೆ ತುಂಬಿದ ಆಸ್ಪತ್ರೆಯ ಚೀಲ ಇನ್ನೂ ತೊಡೆಯ ಮೇಲೇ ಇತ್ತು. ಹನ್ನೆರಡು ದಿನದಿಂದ ಕಾದಿದ್ದ ಫೋನು ಇದು.

"ಮಾತ್ರೆ ಬಂತಾ?... ಇವತ್ತು ಬೆಳಿಗ್ಗೆ ವಿಮಾನದಲ್ಲಿ... ಹಾಂ... ಹಾಂ, ಕೇಳಿಸ್ತಿದೆ, ಹೇಳಿ..."

ಆ ಕಡೆಯವನು ಖುಷಿಯಲ್ಲಿ ಒಂದೇ ಉಸಿರಿಗೆ ಹೇಳುತ್ತಿದ್ದ. ತಡೆಯಲು ಮನಸ್ಸು ಬಾರದೆ ಅವಳು ಪೂರ್ತಿ ಕೇಳಿಸಿಕೊಂಡಳು.

"ಸರ್... ಒಂದ್ನಿಮಿಷ... ಅವನು ನಿನ್ನೆ ಮಧ್ಯಾಹ್ನ ಹೋಗ್ಬಿಟ್ಟ ಸರ್."

...

"ಹಲೋ? ಇದೀರಾ?... ಅಯ್ಯೋ, ನೀವ್ಯಾಕೆ ಕ್ಷಮೆ ಕೇಳ್ತೀರಾ? ಅದನ್ನ ತರಿಸೋ ಒಪ್ಪಿಗೆಗೆ ಅಂತ ಊಟ ಬಿಟ್ಟು ಎಷ್ಟು ಕಚೇರಿ ಅಲೆದ್ರಿ, ಗೊತ್ತಿಲ್ವಾ ನನಗೆ?"

...

"ಇಲ್ಲ, ಒದ್ದಾಡ್ಲಿಲ್ಲ. ಮೂರು ದಿನದಿಂದ ಎಚ್ಚರಾನೇ ಇರ್ಲಿಲ್ಲ... ಮೊದಲು ಮೂಗಿನ ಮೇಲೊಂದು ಹುಣ್ಣು, ಅಷ್ಟೇ. ಮಣ್ಣಲ್ಲಿ ಕೆಲಸ ಮಾಡೋನು, ಏನೋ ಗೀಚಿರತ್ತೆ ಅಂದ್ಕೊಂಡ್ವಿ. ಆಮೇಲೆ ತಲೆನೋವು. ಗಿಡಗಳ ಹೆಸರೇ ಮರೆಯೋಕೆ ಶುರು ಮಾಡ್ದ... ಹಾಂ, ಮಣ್ಣಿಂದ ಮೆದುಳಿಗೆ ಹತ್ತಿದ್ದು. ಅಮೀಬಾ ಅಂದಾಗ ನಕ್ಕಿದ್ದ ಸರ್! 'ಅಕ್ಕಾ, ಸ್ಕೂಲಲ್ಲಿ ಇದರ ಚಿತ್ರ ತಪ್ಪು ಬರೆದೆ ಅಂತ ಮೇಷ್ಟ್ರು ಹೊಡೆದಿದ್ರು. ಆಕಾರಾನೇ ಇಲ್ಲದ್ದನ್ನ ತಪ್ಪು ಬರೆಯೋದು ಹೇಗೆ?' ಅಂದ."

ಅವಳು ನಗಲು ಹೋದಳು. ಚೀಲದಿಂದ ಇಣುಕಿದ್ದ ಅವನ ಅಂಗಿಯ ತೋಳನ್ನು ಒಳಗೆ ತುರುಕಿದಳು.

"ಎಲ್ಲಾ ಕೊಟ್ರು ಸರ್. ಇಂಥದ್ದಕ್ಕೆ ಯಾವಾಗ್ಲೂ ಕೊಡೋ ಐದು ಔಷಧಾನೂ ಒಟ್ಟಿಗೇ ಕೊಟ್ರು. ಒಂದಕ್ಕೂ ಜಗ್ಗಲಿಲ್ಲ. ಇವನ ಕಿಡ್ನಿ ಸೋತ್ಹೋಯ್ತು, ಆ ಹುಳ ಸೋಲಲಿಲ್ಲ... ಆಮೇಲೇ ಅಲ್ವಾ ಡಾಕ್ಟರಮ್ಮ ನಿಮಗೆ ಬರೆದಿದ್ದು, ಹೊರದೇಶದಲ್ಲಿ ಮೂತ್ರದ ಸೋಂಕಿಗೆ ಕೊಡೋ ಈ ಹಳೇ ಮಾತ್ರೆ ತರಿಸ್ಕೊಡಿ ಅಂತ."

...

"ಈಗ ಅದನ್ನೇನ್ಮಾಡ್ತೀರಾ?... ವಾಪಸ್ಸಾ?... ಅವನ ಹೆಸರಿಗೇ ಬಂದಿರೋದು, ಬೇರೆಯವರಿಗೆ ಕೊಡೋ ಹಾಗಿಲ್ಲ... ಹಾಂ..."

ಅವಳು ಎದ್ದು ನಿಂತಳು. ತೊಡೆಯ ಮೇಲಿದ್ದ ಚೀಲ ನೆಲಕ್ಕೆ ಜಾರಿತು.

"ಸರ್, ಅವನಿದ್ದ ವಾರ್ಡಲ್ಲೇ, ಮೂರನೇ ಬೆಡ್ಡಲ್ಲಿ, ಮಡಕೆ ಮಾಡೋ ಒಬ್ಬರು ಹೆಂಗಸು ಇದಾರೆ. ದೊಡ್ಡಾಸ್ಪತ್ರೆ ಅಂತ ಅವರನ್ನೂ ಅಲ್ಲಿಗೇ ಕಳಿಸಿದಾರೆ. ಇದೇ ಕಾಯಿಲೆ. ಇನ್ನೂ ಮಾತಾಡ್ತಾರೆ ಸರ್, ಗಂಡನ್ನ ಗುರುತು ಹಿಡೀತಾರೆ... ಅವರಿಗೆ ಕೊಡೋಕಾಗಲ್ವಾ?... ಡಾಕ್ಟರಮ್ಮನ ಕಾಗದ ಬರುತ್ತೆ, ನಾನು ಹೇಳ್ತೀನಿ... ಮನೆಯವರ ಒಪ್ಪಿಗೆನಾ? ಅವನಿಗೆ ಮನೆಯವರು ಅಂತ ಇದ್ದಿದ್ದು ನಾನೊಬ್ಬಳೇ. ಹೇಳಿ, ಬರ್ಕೋತೀನಿ."

ಮೇಜಿನ ಖಾನೆಯಲ್ಲಿ ಒಂದು ಬಿಳಿ ಹಾಳೆ ಸಿಕ್ಕಿತು. ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಒತ್ತಿ ಹಿಡಿದಳು.

"ಮೇಲೆ ಅವನ ಹೆಸರು, ಹಾಂ... 'ಮೇಲ್ಕಂಡ ರೋಗಿಯು'... ಬರೆದೆ... ತಾರೀಖು ನಿನ್ನೇದು, ಅಲ್ವಾ?... ಮುಂದೆ?... ಸರ್, ಆ ಪದ ಬರೀಲೇಬೇಕಾ?... 'ಈಗ ಇಲ್ಲ' ಅಂದ್ರೆ ಸಾಲಲ್ವಾ?... ಒಪ್ಪಲ್ವಾ... ಸರಿ... ಇರಿ..."

ಪೆನ್ನು ಹಾಳೆಯ ಮೇಲೆ ನಿಂತೇಬಿಟ್ಟಿತು. ನಿನ್ನೆಯಿಂದ ಆ ಪದವನ್ನು ಅವಳು ಬಾಯಲ್ಲೂ ಆಡಿರಲಿಲ್ಲ. 'ಮೃತ' ಎಂದು ಬರೆದಳು. ಕೆಳಗಿನ ಸುಳಿ ಸರಿಯಾಗಿ ಬೀಳಲಿಲ್ಲ. ಅದರ ಮೇಲೇ ಮತ್ತೊಮ್ಮೆ ತಿದ್ದಿದಳು.

"ಮಾತ್ರೆ ಅವರಿಗೆ ಕೊಡೋಕೆ ಒಪ್ಪಿಗೆ ಇದೆ ಅಂತಾನೂ ಬರೆದೆ, ಸಹಿನೂ ಹಾಕ್ದೆ. ಫೋಟೋ ಕಳಿಸಿದೀನಿ ನೋಡಿ... ಬಂತಾ?... ಅಕ್ಷರ ಕಾಣ್ತಿದ್ಯಾ?... ಸಂಜೆಯೊಳಗೆ ವಾರ್ಡಿಗೆ ತಲುಪುತ್ತಾ? ನಿಜವಾಗ್ಲೂ?... ಒಳ್ಳೇದಾಗ್ಲಿ ಸರ್ ನಿಮಗೆ... ಅವರ ಗಂಡನಿಗೆ ನೀವೇ ಹೇಳಿ. ಈಗ ನನ್ನ ಮುಖ ನೋಡಿದ್ರೆ ಪಾಪ, ಹೆದರ್ಕೋತಾರೆ."

...

"ಇಡಬೇಡಿ, ಇಡಬೇಡಿ... ಒಂದೇ ಮಾತು ಸರ್. ಇದೇ ಮಾತ್ರೆ ಒಂದು ವಾರ ಮುಂಚೆ ಬಂದಿದ್ರೆ... ನಮ್ಮವನು..."

...

"ಬಹುಶಃ?... ಬಹುಶಃ ಏನು ಸರ್?... ಕೇಳಿಸ್ಲಿಲ್ಲ, ಇನ್ನೊಂದ್ಸಲ ಹೇಳಿ... ಹಲೋ?... ಬಹುಶಃ ಏನು?... ಹಲೋ?"

ಲೈನು ಕಡಿದುಹೋಗಿತ್ತು.